ಶುಕ್ರವಾರದ ಮೆಕ್ಯಾನಿಕ್ಕು

ದೋಹಾದ ಇಂಡಸ್ಟ್ರಿಯಲ್ ಏರಿಯಾಕ್ಕೆ ಅಲ್ಲಿರುವವರ ಬಾಯಲ್ಲಿ ಸನಾಯ ಎಂದೇ ಹೆಸರು. ಅಲ್ಲಿನ ರಸ್ತೆಗಳಿಗೆ ಮಹಾಪುರುಷರ ಹೆಸರಿಟ್ಟಿಲ್ಲ, ಬರೀ ನಂಬರು. ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿದ ಸ್ವಲ್ಪ ಹೊತ್ತಿಗೆ ಇಂಥ ಯಾವುದೋ ನಂಬರಿನ ರಸ್ತೆಯಲ್ಲಿ, ನಾಲ್ಕಾರು ಜನ ಸೇರಿ ಬಾಡಿಗೆ ಕಟ್ಟುವ ಶೆಡ್ಡಿನ ಶಟರು ಅರ್ಧಕ್ಕೆ ಎದ್ದಿತೆಂದರೆ ಒಳಗೆ ನಮ್ಮವನೊಬ್ಬ ಇದ್ದಾನೆ ಎಂದೇ ಲೆಕ್ಕ. ವಯಸ್ಸು ನಲವತ್ತರ ಆಚೀಚೆ. ಊರು ಹಾಸನವೋ ಪುತ್ತೂರೋ ಹುಬ್ಬಳ್ಳಿಯೋ. ವಾರದ ಐದು ದಿನ ದೋಹಾದಿಂದ ಸುಮಾರು 80 ಕಿಲೋಮೀಟರ್ ಉತ್ತರದ ರಾಸ್ ಲಫಾನ್‌ನಲ್ಲಿ ಗ್ಯಾಸ್ ಪ್ಲಾಂಟಿನ ಎಂಜಿನಿಯರು. ಅಲ್ಲಿ ಇವನು ಪರ್ಮಿಟ್ಟಿಗೆ ಸಹಿ ಹಾಕಿದರೆ ಇನ್ಯಾರೋ ಬೋಲ್ಟು ತಿರುಗಿಸುತ್ತಾರೆ. ಹದಿನೈದು ವರ್ಷದಿಂದ ಸಾವಿರಾರು ಬೋಲ್ಟುಗಳ ಜವಾಬ್ದಾರಿ ಹೊತ್ತೂ ಒಂದನ್ನೂ ಮುಟ್ಟದ ಈ ಮಹಾಶಯ ಈಗ ಮೊಣಕಾಲೂರಿ, ಬೈಕಿನ ಹೊಟ್ಟೆಯಡಿಯ ಆಯಿಲ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಬಿಚ್ಚುವುದು ಎಡಕ್ಕೋ ಬಲಕ್ಕೋ ಎಂದು ಫೋನಿನಲ್ಲಿ ವಿಡಿಯೊ ನೋಡುತ್ತಿದ್ದಾನೆ. ಮೇಲಿನಿಂದ ಬಗ್ಗಿ ಕೈ ಹಾಕಿದರೆ ಎಡಬಲ ಅದಲುಬದಲಾಗುತ್ತದೆ ಎಂಬ ಸಂಗತಿ ವಿಡಿಯೊದಲ್ಲಿಲ್ಲ. ಆದ್ದರಿಂದ ಬಿಚ್ಚುತ್ತಿದ್ದೇನೆ ಎಂದುಕೊಂಡು ಅವನು ಬಿಗಿಯುತ್ತಿದ್ದಾನೆ.

ಇವನಿಗೆ ರಿಪೇರಿ ಬರುವುದಿಲ್ಲ ಎಂದು ನಗುವವರಿದ್ದಾರೆ. ಬರುವುದಿಲ್ಲ ನಿಜ, ಆದರೆ ನಗುವಂಥದ್ದು ಬೇರೆಯೇ ಇದೆ. 'ನನ್ನ ಗಾಡಿ ಕೆಲಸ ನಾನೇ ಮಾಡ್ಕೋತೀನಿ, ಯಾರ ಹಂಗೂ ಬೇಡ' ಎಂಬ ಅವನ ಘೋಷಣೆಯನ್ನೇ ತೆಗೆದುಕೊಳ್ಳಿ. ಗ್ಯಾರೇಜಿಗೆ ಕೊಟ್ಟರೆ ಈ ಕೆಲಸಕ್ಕೆ ಒಬ್ಬ ಮನುಷ್ಯ ಸಾಕು. ತಾನೇ ಮಾಡಿಕೊಳ್ಳಲು ಎಷ್ಟು ಜನ ಬೇಕು? ಕ್ಲಚ್ ಪ್ಲೇಟನ್ನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಅಲೆದು ಕೊಳ್ಳಲು ಒಬ್ಬ ಭಾವಮೈದ. ಅದನ್ನು ಚಟ್ನಿಪುಡಿ, ಹುರಿಗಾಳಿನ ಮಧ್ಯೆ ಹುದುಗಿಸಿ ತರಲು, ರಜೆ ಮುಗಿಸಿ ಬರುವ ಒಬ್ಬ ಸಹೋದ್ಯೋಗಿ. ವಿಮಾನ ನಿಲ್ದಾಣದಲ್ಲಿ 'ಇದೇನು' ಎಂದು ಕೇಳಿದರೆ ಉತ್ತರ ಗೊತ್ತಿಲ್ಲದೆ ಬೆವರುವುದೂ ಅವನ ಪಾಲಿಗೇ. ಟಾರ್ಕ್ ರೆಂಚು ಎರವಲು ಕೊಡಲು ಅಲ್ ವಕ್ರಾದಲ್ಲಿರುವ ಒಬ್ಬ ಬಂಟ್ವಾಳದವರು. ಬನಿಯನ್ ವೇಸ್ಟಿಗೆಂದು ಹಳೇ ಬಟ್ಟೆ ಕೊಡಲು ಹೆಂಡತಿ. ಆಕೆ ಕೊಡದೆ ಇದ್ದ ಬಟ್ಟೆಯೂ ಅದರಲ್ಲಿ ಸೇರಿರುತ್ತದೆ, ಆ ಮಾತು ಬೇರೆ. ಟಾರ್ಚು ಹಿಡಿಯಲು ಇಬ್ಬರು, 'ಹಂಗಲ್ಲ ಗುರೂ' ಎನ್ನಲು ಮೂವರು, ಕೊನೆಗೆ ಎಲ್ಲವನ್ನೂ ಸರಿಮಾಡಲು ಪಕ್ಕದ ಗ್ಯಾರೇಜಿನ ಮಲಯಾಳಿ ಚೇಟ. ಪರಾವಲಂಬನೆಗೆ ಒಬ್ಬ ಸಾಕಾದರೆ ಸ್ವಾವಲಂಬನೆಗೆ ಹತ್ತು ಜನ. ಆ ಹತ್ತು ಜನರಿಗಾಗಿಯೇ ಇವನು ಸನಾಯಕ್ಕೆ ಬರುತ್ತಾನೆ, ಬೈಕು ಬರೀ ನೆಪ ಎಂಬುದು ನನ್ನ ವಾದ.

ಸಾಕ್ಷಿ ಬೇಕಿದ್ದರೆ ಚೈನು ಬದಲಿಸುವ ದಿನ ನೋಡಬೇಕು. ಚೈನಿನ ಎರಡು ತುದಿಗಳನ್ನು ಸೇರಿಸುವ ಕೊಂಡಿಗೆ ಒಂದು ಲಾಕು ಇರುತ್ತದೆ, ಉಗುರಿನಷ್ಟು ಚಿಕ್ಕ ಉಕ್ಕಿನ ತಗಡು, ಥೇಟ್ ಮೀನಿನ ಆಕಾರ. ಮೀನಿನ ಮುಚ್ಚಿದ ತಲೆ ಚೈನು ಓಡುವ ದಿಕ್ಕಿಗೆ, ಸೀಳಿದ ಬಾಲ ಹಿಂದಕ್ಕೆ ಇರಬೇಕು. ಉಲ್ಟಾ ಹಾಕಿದರೆ ಓಡುವಾಗ ಏನಾದರೂ ತಗುಲಿ ಕಳಚಿಕೊಳ್ಳಬಹುದು. ತೊಡಕೆಂದರೆ, ಚೈನಿನ ಮೇಲಿನ ಸಾಲು ಮುಂದಕ್ಕೆ ಓಡುತ್ತದೆ, ಕೆಳಗಿನದು ಹಿಂದಕ್ಕೆ. ಹಾಗಾಗಿ 'ತಲೆ ಮುಂದಕ್ಕೆ' ಎಂಬ ಸೂತ್ರ ಮೇಲೆ ಸರಿ, ಕೆಳಗೆ ತಪ್ಪು. ಇದರ ಮೇಲೆ ಮುಕ್ಕಾಲು ಗಂಟೆ ಚರ್ಚೆ. ಮೀನಿನ ವಿಷಯಕ್ಕೆ ಬಂದರೆ ಕೊನೆಯ ಮಾತು ತಮ್ಮದೇ ಎಂದು ಮಂಗಳೂರಿನವರು ಹಟ ಹಿಡಿಯುತ್ತಾರೆ. ಅಷ್ಟರಲ್ಲಿ ಪಕ್ಕಡ್ ಜಾರಿ ಮೀನು ಟಿಣ್ ಎಂದು ಹಾರುತ್ತದೆ. ಸದ್ದು ಎಲ್ಲರಿಗೂ ಕೇಳಿಸಿದೆ, ಯಾವ ಕಡೆಯಿಂದ ಎಂಬುದರಲ್ಲಿ ಒಮ್ಮತವಿಲ್ಲ. ಒಬ್ಬ ಪ್ರಾಜೆಕ್ಟ್ ಮ್ಯಾನೇಜರು, ಒಬ್ಬ ದಂತವೈದ್ಯ, ಒಬ್ಬ ಬ್ಯಾಂಕಿನವನು, ಇನ್ನೂ ಮೂವರು, ಮೊಬೈಲ್ ಟಾರ್ಚು ಹಚ್ಚಿಕೊಂಡು ಅಂಬೆಗಾಲಿಕ್ಕುತ್ತಾರೆ. ಕರ್ನಾಟಕ ಸಂಘದ ರಾಜ್ಯೋತ್ಸವದಲ್ಲಿ ಇದೇ ಜನ ಇಸ್ತ್ರಿ ಮಾಡಿದ ಜುಬ್ಬಾ ಹಾಕಿ ಬೇರೆ ಬೇರೆ ಸಾಲಿನಲ್ಲಿ ಕೂತು, ಊಟಕ್ಕೆ ಎದ್ದಾಗ 'ಹೇಗಿದ್ದೀರಿ ಸಾರ್' ಎಂದು ಕೈಕುಲುಕಿ ಮುಂದಿನ ನವೆಂಬರಿನವರೆಗೆ ಸುಮ್ಮನಾಗಿದ್ದವರು. ಒಂದೇ ಬೆಂಚಿನಡಿ ತಲೆ ತೂರಿಸಿದ ಮೇಲೆ ಸಾರ್ ಎನ್ನುವುದು ಕಷ್ಟ. ಮೀನು ಸಿಗುವಷ್ಟರಲ್ಲಿ 'ಮಾರಾಯ'ಕ್ಕೆ ಬಂದಿರುತ್ತಾರೆ.

ಹಣ ಉಳಿಯುತ್ತದಲ್ಲ ಎಂಬುದು ಮೊದಲ ಆಕ್ಷೇಪ. ಉಳಿಯುವುದಿಲ್ಲ. ಬೇರೆಯವರ ದುಡಿಮೆ ಅಗ್ಗಕ್ಕೆ ಸಿಗುವ ಊರು ಅದು. ಗಲ್ಫಿನ ಬಗ್ಗೆ ಹೆಮ್ಮೆಯಿಂದ ಹೇಳಿಕೊಳ್ಳುವ ಮಾತೇನಲ್ಲ, ಆದರೆ ವಾಸ್ತವ. ಸಾಕೆಟ್ ಸೆಟ್ಟು, ಸ್ಟ್ಯಾಂಡು, ಶೆಡ್ಡಿನ ಬಾಡಿಗೆ ಎಲ್ಲ ಕೂಡಿಸಿದರೆ ಆ ದುಡ್ಡಿಗೆ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ಸರ್ವೀಸು ಮಾಡಿಸಬಹುದು. ನಮ್ಮವನಿಗೂ ಇದು ಗೊತ್ತು. ಎಕ್ಸೆಲ್ ಹಾಳೆಯಲ್ಲಿ ಲೆಕ್ಕ ಬರೆದಿಟ್ಟಿದ್ದಾನೆ, ಹೆಂಡತಿಗೆ ತೋರಿಸುವ ಹಾಳೆ ಬೇರೆ. ಮರಳುಗಾಡಿನ ಧೂಳಿಗೆ ಗಾಡಿ ಮೇಲೆ ಸದಾ ಕಣ್ಣಿಡಬೇಕು ಎಂಬ ಇನ್ನೊಂದು ಆಕ್ಷೇಪದಲ್ಲಿ ಹುರುಳಿದೆ. ಏರ್ ಫಿಲ್ಟರ್ ದಾಟಿ ನುಸುಳಿದ ನಯವಾದ ಮರಳು ಸಿಲಿಂಡರಿನ ಒಳಗೋಡೆಯನ್ನು ಎಮರಿ ಕಾಗದದ ಹಾಗೆ ಉಜ್ಜುತ್ತದೆ. ಆದರೆ ಫಿಲ್ಟರ್ ತೆಗೆದು ನೋಡುವುದು ಹತ್ತು ನಿಮಿಷದಲ್ಲಿ ಕಲಿಯುವ ವಿದ್ಯೆ. ನಮ್ಮವನಿಗೆ ಅಷ್ಟು ಸಾಲದು. ಕಾರಿನ ಆಯಿಲಿನಲ್ಲಿ ಜಾರಿಕೆ ಹೆಚ್ಚಿಸುವ ಪದಾರ್ಥವಿದ್ದರೆ ಆಯಿಲಿನಲ್ಲೇ ಮುಳುಗಿರುವ ಬೈಕಿನ ಕ್ಲಚ್ಚು ಜಾರುತ್ತದೆ, ಡಬ್ಬಿಯ ಮೇಲೆ ಜಾಸೊ ಎಂಎ ಎಂಬ ಗುರುತು ನೋಡಿಯೇ ಕೊಳ್ಳಬೇಕು ಎಂದು ಅವನು ಪೆಟ್ರೋಲ್ ಬಂಕಿನಲ್ಲಿ ಸಿಕ್ಕ ಅಪರಿಚಿತರಿಗೂ ಉಪನ್ಯಾಸ ಕೊಡುತ್ತಾನೆ. ವಿಷಯ ಸರಿಯಾಗಿಯೇ ಇದೆ. ಕೇಳಿಸಿಕೊಳ್ಳುವವನು ಲ್ಯಾಂಡ್ ಕ್ರೂಸರಿನಲ್ಲಿ ಬಂದಿರುತ್ತಾನೆ ಅಷ್ಟೆ.

'ನಮ್ಮಪ್ಪ ತನ್ನ ಜಾವಾ ಎಲ್ಲ ತಾನೇ ಬಿಚ್ಚಿ ಕಟ್ತಿದ್ರು, ಯಾರನ್ನೂ ಕರೀತಿರಲಿಲ್ಲ' ಎಂಬುದು ನಮ್ಮವನದೇ ಆಕ್ಷೇಪ, ತುಸು ಭಾವುಕವಾದದ್ದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರಲ್ಲಿ ಮುಚ್ಚುವವರೆಗೆ, ಮೊದಲು ಜಾವಾ ಆಮೇಲೆ ಯೆಜ್ಡಿ ಎಂಬ ಹೆಸರಲ್ಲಿ, ಮಾಡಿದ ಗಾಡಿಗಳು ಅದಕ್ಕೆ ಒದಗಿ ಬರುತ್ತಿದ್ದವು. ಟೂ-ಸ್ಟ್ರೋಕ್ ಎಂಜಿನ್ನಿನೊಳಗೆ ವಾಲ್ವಿಲ್ಲ, ಕ್ಯಾಮಿಲ್ಲ. ಮುಖ್ಯವಾಗಿ ಅಲುಗಾಡುವುದು ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್, ಮೂರೇ. ಕಿಕ್ಕರನ್ನೇ ಮುಂದಕ್ಕೆ ಮಡಚಿದರೆ ಗೇರು ಲಿವರು. ಸ್ಟಾರ್ಟ್ ಆಗದಿದ್ದರೆ ಪ್ಲಗ್ಗು ಬಿಚ್ಚಿ ಉಜ್ಜಿ ಹಾಕಿದರೆ ಬಹುಪಾಲು ಮುಗಿಯಿತು. ಈಗಿನ ಗಾಡಿಯಲ್ಲಿ ಫ್ಯುಯೆಲ್ ಇಂಜೆಕ್ಷನ್, ಎಬಿಎಸ್, ಸೆನ್ಸರು. ಅವು ಕೆಟ್ಟರೆ ಸ್ಪ್ಯಾನರಿನಿಂದ ಏನು ಮಾಡಲಿಕ್ಕಾಗುತ್ತದೆ? ಅದೂ ಹೋಗಲಿ, ಅಪ್ಪ ಒಬ್ಬರೇ ಮಾಡುತ್ತಿದ್ದರು ಎಂದು ಇವನಿಗೆ ಗೊತ್ತಿರುವುದು ಹೇಗೆ? ಪಕ್ಕದಲ್ಲಿ ಟಾರ್ಚು ಹಿಡಿದು ನಿಂತಿದ್ದವನು ಇವನೇ. ಬೆಳಕು ಅತ್ತಿತ್ತ ಸರಿದರೆ ಬೈಸಿಕೊಂಡವನೂ ಇವನೇ. ರಾಬರ್ಟ್ ಪಿರ್ಸಿಗ್ 1974ರಲ್ಲಿ ಬರೆದ ಬೈಕಿನ ಪುಸ್ತಕ ಇಂಥವರ ಕಪಾಟಿನಲ್ಲಿ ಇದ್ದೇ ಇರುತ್ತದೆ, ಓದಿದ್ದಾರೆಂದು ಹೇಳಲಾರೆ. ಅದರಲ್ಲಿ ಸಡಿಲವಾದ ಹ್ಯಾಂಡಲ್ಲಿಗೆ ಬಿಯರ್ ಡಬ್ಬಿಯ ತಗಡು ಕತ್ತರಿಸಿ ಸಂದಿಗೆ ಹಾಕುವ ಸಲಹೆಯೊಂದು ಬರುತ್ತದೆ. ಕತಾರಿನಲ್ಲಿ ತಂಪು ಪಾನೀಯದ ಡಬ್ಬಿಯಲ್ಲೇ ಸುಧಾರಿಸಬೇಕು. ಪಿರ್ಸಿಗ್‌ನ ನಿರೂಪಕನಿಗೆ ಗಾಡಿಯ ಮುಂದೆ ಮೌನವಾಗಿ ಕೂರುವುದೇ ಧ್ಯಾನ. ನಮ್ಮವನನ್ನು ಹಾಗೆ ಒಂಟಿಯಾಗಿ ಕೂರಿಸಿದರೆ ಐದನೇ ನಿಮಿಷಕ್ಕೆ ಯಾರಿಗೋ ವಿಡಿಯೊ ಕಾಲ್ ಮಾಡುತ್ತಾನೆ.

ಗಟ್ಟಿ ಆಕ್ಷೇಪ ಇರುವುದು ಚೇಟನ ಕಡೆಯಿಂದ. ಅವನ ಹೊಟ್ಟೆಪಾಡನ್ನು ಇವರು ಆಟ ಮಾಡಿಕೊಂಡಿದ್ದಾರಲ್ಲವೇ? ಅವನ ಬಾಗಿಲಲ್ಲಿ ಡೆಲಿವರಿ ಹುಡುಗರ ಬೈಕುಗಳು ಸಾಲು ನಿಂತಿರುತ್ತವೆ. ಗಾಡಿ ನಿಂತಷ್ಟು ಹೊತ್ತು ಅವರ ಸಂಪಾದನೆಗೆ ಕಲ್ಲು. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಗ್ಗೆ 10ರಿಂದ ಮಧ್ಯಾಹ್ನ 3:30ರ ತನಕ ಬಯಲಿನ ಬಿಸಿಲಲ್ಲಿ ಕೆಲಸ ಮಾಡಿಸಬಾರದೆಂದು ಕತಾರಿನಲ್ಲಿ 2021ರಿಂದ ನಿಯಮವಿದೆ. ಅದು ಕೂಲಿಯವನನ್ನು ಧಣಿಯಿಂದ ಕಾಪಾಡಲು ಮಾಡಿದ್ದು, ಹವ್ಯಾಸಿಯನ್ನು ಅವನಿಂದಲೇ ಕಾಪಾಡುವ ಕಾನೂನು ಇನ್ನೂ ಬಂದಿಲ್ಲ. ಈ ಅಂತರವನ್ನು ನಾನು ಅಲ್ಲಗಳೆಯಲಾರೆ. ಆದರೆ ಚೇಟ ಇವರ ಮೇಲೆ ಮುನಿಸಿಕೊಳ್ಳುವುದಿಲ್ಲ, ಅದಕ್ಕೆ ಕಾರಣ ವ್ಯಾಪಾರದ್ದು. ಒಂದು ಆಯಿಲ್ ಬದಲಿಸಲು ಸಿಗುವುದಕ್ಕಿಂತ, ಆಯಿಲ್ ಬದಲಿಸಲು ಹೋಗಿ ಅಲ್ಯುಮಿನಿಯಂ ಚೇಂಬರಿನ ಥ್ರೆಡ್ಡು ಕಿತ್ತುಕೊಂಡು ಬಂದವನಿಂದ ಹೆಚ್ಚು ಸಿಗುತ್ತದೆ. 'ಇದನ್ನು ಬಿಗಿದದ್ದು ಯಾರು?' ಎಂದು ಅವನು ತನ್ನ ಗಲ್ಫ್ ಹಿಂದಿಯಲ್ಲಿ ಕೇಳುತ್ತಾನೆ. ಆರು ಜನರೂ ಗೋಡೆಯ ಕಡೆ ನೋಡುತ್ತಾರೆ.

ಇಷ್ಟಾದರೂ ವಿದ್ಯೆ ಹತ್ತುವುದೇ ಇಲ್ಲ ಎನ್ನುವ ಹಾಗಿಲ್ಲ. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಒಬ್ಬಿಬ್ಬರು ನಿಜಕ್ಕೂ ಕಲಿತಿರುತ್ತಾರೆ. ಅಂಥವನ ಕಥೆ ನನ್ನ ವಾದಕ್ಕೆ ಎಲ್ಲಕ್ಕಿಂತ ಬಲ ಕೊಡುತ್ತದೆ. ಕಲಿತವನು ಫ್ಲ್ಯಾಟಿನ ಪಾರ್ಕಿಂಗಿನಲ್ಲೇ ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಸಿ, ಕೈ ತೊಳೆದು, ಮಹಡಿ ಹತ್ತುತ್ತಾನೆ. ಶುಕ್ರವಾರವಿಡೀ ಖಾಲಿ. ಒಂದು ವಾರ ಸೋಫಾದ ಮೇಲೆ, ಎರಡನೇ ವಾರ ಮಾಲಿನಲ್ಲಿ ಹೆಂಡತಿಯ ಹಿಂದೆ ಟ್ರಾಲಿ ತಳ್ಳುತ್ತ ಕಳೆಯುತ್ತದೆ. ಮೂರನೆಯ ತಿಂಗಳು ಅವನು ಸನಾಯಕ್ಕೆ ಮರಳಿ ಬರುತ್ತಾನೆ, ಪಿಕಪ್ಪಿನ ಹಿಂದೆ ಹಗ್ಗ ಬಿಗಿದ ಒಂದು ಹಳೇ ಬೈಕಿನ ಸಮೇತ. ಟ್ಯಾಂಕಿಗೆ ತುಕ್ಕು ಹಿಡಿದಿದೆ, ವೈರಿಂಗು ಇಲಿ ತಿಂದಿದೆ, ಎಂಜಿನ್ನು ಜಾಮು. ಅಗ್ಗಕ್ಕೆ ಸಿಕ್ಕಿತಂತೆ. ಕಾರ್ಬುರೇಟರ್ ಬಿಚ್ಚಬೇಕು, ಟಾರ್ಚು ಹಿಡಿಯಲು ಇಬ್ಬರಾದರೂ ಬೇಕು ಅನ್ನುತ್ತಿದ್ದಾನೆ.