ಕಾಫಿ ಕಣದಲ್ಲಿ ಸೊಲೆನಾಯ್ಡ್

ಆಟೋಮ್ಯಾಟಿಕ್ ಕಾರಿನ ಗೇರ್‌ಬಾಕ್ಸಿನಲ್ಲಿ ಎಣ್ಣೆಯ ದಾರಿಗಳನ್ನು ತೆರೆದು ಮುಚ್ಚುವ ವಿದ್ಯುತ್ ವಾಲ್ವಿಗೆ ಸೊಲೆನಾಯ್ಡ್ ಎಂದು ಹೆಸರು. ಹೆಚ್ಚುಕಡಿಮೆ ಹೆಬ್ಬೆರಳಿನ ಗಾತ್ರದ ಇದರೊಳಗೆ ಇರುವುದು ಇಷ್ಟೇ: ತಾಮ್ರದ ತಂತಿ ಸುತ್ತಿದ ಕಾಯಿಲು, ಅದರ ನಡುವೆ ಸರಿದಾಡುವ ಕಬ್ಬಿಣದ ಪ್ಲಂಜರು, ಪ್ಲಂಜರನ್ನು ಮತ್ತೆ ಅದರ ಜಾಗಕ್ಕೆ ತಳ್ಳುವ ಸ್ಪ್ರಿಂಗು. ಗೇರ್‌ಬಾಕ್ಸಿನ ಕಂಪ್ಯೂಟರ್ 12 ವೋಲ್ಟಿನ ಅಪ್ಪಣೆ ಕೊಟ್ಟರೆ ಪ್ಲಂಜರು ಸರಿಯುತ್ತದೆ, ಎಣ್ಣೆ ಹರಿಯುತ್ತದೆ, ಅದರ ಒತ್ತಡಕ್ಕೆ ಕ್ಲಚ್ ಪ್ಲೇಟುಗಳು ಹಿಡಿದುಕೊಂಡು ಗೇರು ಬದಲಾಗುತ್ತದೆ. ಮಾರ್ಚಿನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವಾಗ ಈ ಬ್ಲಾಕಿಗೆ ಬಿಡು, ಆ ಬ್ಲಾಕಿಗೆ ನಿಲ್ಲಿಸು ಎಂದ ಹಾಗೆ ಗೇಟ್‌ವಾಲ್ವ್ ತಿರುಗಿಸುವವನ ಕೆಲಸವೇ ಇದರದ್ದೂ. ಸೊಲೆನಾಯ್ಡ್ ಮಾತ್ರ ನಡುವೆ ಎಲೆಅಡಿಕೆಗೆಂದು ಎದ್ದು ಹೋಗುವುದಿಲ್ಲ. ಒಮ್ಮೆ ಹೋಯಿತೆಂದರೆ ವಾಪಸು ಬರುವುದೂ ಇಲ್ಲ.

ಆಟೋಮ್ಯಾಟಿಕ್ ಗೇರು ಹುಟ್ಟಿದಾಗ ಸೊಲೆನಾಯ್ಡಿಗೆ ಈ ಅಧಿಕಾರ ಇರಲಿಲ್ಲ. ಅಮೆರಿಕದ ಜನರಲ್ ಮೋಟಾರ್ಸ್ 1940ರ ಓಲ್ಡ್ಸ್‌ಮೊಬೀಲ್ ಕಾರುಗಳಿಗೆ ಕೊಟ್ಟ ಹೈಡ್ರಾಮ್ಯಾಟಿಕ್ ಗೇರ್‌ಬಾಕ್ಸ್ ಬರೀ ಎಣ್ಣೆಯ ಒತ್ತಡ ಮತ್ತು ಸ್ಪ್ರಿಂಗುಗಳ ಬಲದಿಂದ ತೀರ್ಮಾನ ಮಾಡುತ್ತಿತ್ತು. 1980ರ ದಶಕದಲ್ಲಿ ಕಂಪ್ಯೂಟರು ಗೇರ್‌ಬಾಕ್ಸಿನ ಯಜಮಾನಿಕೆ ವಹಿಸಿಕೊಂಡ ಮೇಲೆ ಅದರ ಅಪ್ಪಣೆ ಜಾರಿ ಮಾಡಲು ಸೊಲೆನಾಯ್ಡುಗಳು ಬೇಕಾದವು. ಚಿಕ್ಕಮಗಳೂರಿನ ಕಾಫಿ ಸೀಮೆಯ ಮಲ್ಲಂದೂರಿನಂಥ ಊರಿಗೆ ಇವು ಬಂದದ್ದು ಬೇರೆಯೇ ದಾರಿಯಿಂದ. ಬೆಂಗಳೂರಿನಲ್ಲಿರುವ ಮಗ ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಕ್ಲಚ್ ಒತ್ತಿ ಒತ್ತಿ ಮಂಡಿ ಹಿಡಿದುಕೊಂಡು ಆಟೋಮ್ಯಾಟಿಕ್ ತೆಗೆದುಕೊಳ್ಳುತ್ತಾನೆ. ಕೆಲವು ವರ್ಷ ಓಡಿಸಿ, ಹೊಸತು ಕೊಂಡಾಗ, "ಅಪ್ಪನಿಗೂ ವಯಸ್ಸಾಯ್ತು, ಗೇರ್ ಹಾಕೋ ತಾಪತ್ರಯ ಇಲ್ಲ" ಎಂದು ಹಳೆಯದನ್ನು ತೋಟಕ್ಕೆ ತಂದು ಬಿಡುತ್ತಾನೆ. ಹೀಗೆ 2008ರ ಪೀಳಿಗೆಯ ಐದು ಗೇರಿನ ಹೋಂಡಾ ಸಿಟಿ, ಆರು ಗೇರಿನ ಇನ್ನೋವಾ ಕ್ರಿಸ್ಟಾಗಳು ಜೀಪುಗಳ ಪಕ್ಕದಲ್ಲಿ ನಿಂತವು. 2014ರಲ್ಲಿ ಸೆಲೆರಿಯೊ ಜತೆ ಬಂದ ಎಎಂಟಿ ಬೇರೆ ಜಾತಿ. ಅದು ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ ಒತ್ತುವುದು ಮತ್ತು ಗೇರು ಹಾಕುವುದು ಯಂತ್ರ. ಅದಕ್ಕೆ ಈ ಲೇಖನದ ವಿಧಾನ ಹೊಂದುವುದಿಲ್ಲ.

ಸೊಲೆನಾಯ್ಡ್ ಕೆಟ್ಟಿರಬಹುದು ಎಂಬುದರ ಲಕ್ಷಣಗಳು ಬಯಲುಸೀಮೆಗಿಂತ ಘಟ್ಟದಲ್ಲಿ ಬೇಗ ಕಾಣಿಸುತ್ತವೆ. ಏರಿನಲ್ಲಿ ಇಂಜಿನ್ ಕೂಗುತ್ತದೆ, ಕಾರು ಏರುವುದಿಲ್ಲ. ಎರಡರಿಂದ ಮೂರಕ್ಕೆ ಹೋಗುವಾಗ ಹಿಂದಿನಿಂದ ಯಾರೋ ಗುದ್ದಿದ ಹಾಗೆ ಜರ್ಕು. ರಿವರ್ಸಿಗೆ ಹಾಕಿದ ಮೇಲೆ ಕಾರು ಸ್ವಲ್ಪ ಹೊತ್ತು ಯೋಚನೆ ಮಾಡುತ್ತದೆ. ಕೆಲವು ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಡಿ ಅಕ್ಷರ ಮಿನುಗತೊಡಗುತ್ತದೆ. ಕೊನೆಗೆ ಕಂಪ್ಯೂಟರು ಮುಷ್ಕರ ಹೂಡಿ ಒಂದೇ ಗೇರನ್ನು, ಸಾಮಾನ್ಯವಾಗಿ ಮೂರನೆಯದನ್ನೋ ನಾಲ್ಕನೆಯದನ್ನೋ, ಹಿಡಿದು ಕೂರುತ್ತದೆ. ಗೇರ್‌ಬಾಕ್ಸ್ ಇನ್ನಷ್ಟು ಹಾಳಾಗದೆ ಮನೆ ಸೇರಲಿ ಎಂಬ ಏರ್ಪಾಡು ಅದು. ಮೂರನೇ ಗೇರಿನಲ್ಲಿ ಮನೆ ಸೇರುವ ರಸ್ತೆಗಳು ಮಂಡ್ಯದಲ್ಲಿವೆ, ಮಲ್ಲಂದೂರಿನಲ್ಲಿ ಇಲ್ಲ ಎಂಬುದು ವಿನ್ಯಾಸ ಮಾಡಿದವರಿಗೆ ತಿಳಿದಿರಲಿಕ್ಕಿಲ್ಲ.

ಇಲ್ಲಿಂದ ಮುಂದೆ ಸ್ಕ್ಯಾನರಿನ ಅಧ್ಯಾಯ. ಸ್ಟೀರಿಂಗಿನ ಕೆಳಗಿನ ಸಾಕೆಟ್ಟಿಗೆ ಬ್ಲೂಟೂತ್ ಸ್ಕ್ಯಾನರು ಸಿಕ್ಕಿಸಿದರೆ ಮೊಬೈಲಿನಲ್ಲಿ ಕೋಡು ಕಾಣಿಸುತ್ತದೆ. ಪಿ0700 ಎಂದು ಬಂದರೆ ಗೇರ್‌ಬಾಕ್ಸಿಗೆ ಏನೋ ದೂರು ಇದೆ ಎಂದಷ್ಟೇ ಅರ್ಥ. ಅದು ಜರ್ಕು ತಿಂದವರಿಗೆ ಮೊದಲೇ ಗೊತ್ತಿರುತ್ತದೆ. ಅದರ ಜತೆ ಬರುವ ಎರಡನೇ ಕೋಡು ಮುಖ್ಯ. ಪಿ0750 ಎಂದರೆ ಎ ಎಂಬ ಶಿಫ್ಟ್ ಸೊಲೆನಾಯ್ಡು, ಪಿ0755 ಎಂದರೆ ಬಿ, ಪಿ0740 ಎಂದರೆ ಇಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರನ್ನು ಲಾಕ್ ಮಾಡುವ ವ್ಯವಸ್ಥೆ, ಪಿ0745 ಎಂದರೆ ಒತ್ತಡ ನಿಯಂತ್ರಿಸುವ ಸೊಲೆನಾಯ್ಡು. ಆದರೆ ಕೋಡು ಹೇಳುವುದು ಆ ಸೊಲೆನಾಯ್ಡಿನ ಸರ್ಕೀಟಿನಲ್ಲೋ ಕೆಲಸದಲ್ಲೋ ದೋಷ ಇದೆ ಎಂದು. ಸೊಲೆನಾಯ್ಡೇ ಸತ್ತಿದೆ ಎಂದಲ್ಲ. ದೂರಿನಲ್ಲಿ ಹೆಸರು ಬಂದವನನ್ನೇ ಅಪರಾಧಿ ಎಂದು ತೀರ್ಮಾನಿಸಿ ಕೆಲವು ಸಾವಿರ ರೂಪಾಯಿ ಕೊಟ್ಟು ಹೊಸತು ತರಿಸುವುದೇ ಈ ಕೆಲಸದ ಅತಿ ಸಾಮಾನ್ಯ ತಪ್ಪು.

ತೋಟದ ಮನೆಯಲ್ಲಿ ಬೇರೆ ಆರೋಪಿಗಳು ಧಾರಾಳವಾಗಿದ್ದಾರೆ. ಮೊದಲನೆಯದು ಇಲಿ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಬಾನೆಟ್ಟಿನೊಳಗೆ ಸೇರುವ ಇಲಿ ವೈರಿನ ಪ್ಲಾಸ್ಟಿಕ್ ಕಡಿದಿಟ್ಟರೆ ಸ್ಕ್ಯಾನರಿನಲ್ಲಿ ಬರುವುದು ಸೊಲೆನಾಯ್ಡಿನ ಹೆಸರೇ. ಇಲಿಗೆಂದು ಪ್ರತ್ಯೇಕ ಕೋಡನ್ನು ಯಾವ ಕಂಪನಿಯೂ ಮಾಡಿಲ್ಲ. ಎರಡನೆಯದು ತೇವ. ಜೂನಿನಿಂದ ಸೆಪ್ಟೆಂಬರಿನವರೆಗೆ ಬೀರುವಿನೊಳಗಿನ ಬಟ್ಟೆಗೇ ಬೂಸ್ಟು ಬರುವ ಊರಿನಲ್ಲಿ ಕನೆಕ್ಟರಿನ ಪಿನ್ನುಗಳಿಗೆ ಹಸಿರು ಕಿಲುಬು ಹತ್ತಿದರೆ ಆಶ್ಚರ್ಯವಿಲ್ಲ. ಮೂರನೆಯದು ಸೊರಗಿದ ಬ್ಯಾಟರಿ. ನಾಲ್ಕನೆಯದು ಎಣ್ಣೆ. ಮಟ್ಟ ಕಡಿಮೆಯಾದರೂ, ಸುಟ್ಟು ಕಪ್ಪಾದರೂ, ಎಲ್ಲ ಸೊಲೆನಾಯ್ಡುಗಳೂ ಕೆಟ್ಟವರ ಹಾಗೆ ನಡೆದುಕೊಳ್ಳುತ್ತವೆ. ಹೊಳೆ ದಾಟುವಾಗಲೋ ರೇಡಿಯೇಟರಿನೊಳಗಿನ ಕೂಲರು ಒಡೆದೋ ನೀರು ಸೇರಿದ್ದರೆ ಕೆಂಪೆಣ್ಣೆ ತಿಳಿಗುಲಾಬಿ ಬಣ್ಣಕ್ಕೆ ತಿರುಗಿ ನೊರೆ ಕಟ್ಟುತ್ತದೆ. ಹಾಗಾಗಿದ್ದರೆ ಸೊಲೆನಾಯ್ಡಿನ ಮಾತು ಅಲ್ಲಿಗೇ ಬಿಡಬೇಕು. ನೀರು ಕ್ಲಚ್ ಪ್ಲೇಟುಗಳ ಲೈನಿಂಗನ್ನೇ ಸಡಿಲಿಸುತ್ತದೆ.

ಈ ನಾಲ್ವರೂ ನಿರಪರಾಧಿಗಳಾದರೆ ಮಲ್ಟಿಮೀಟರ್ ಹಿಡಿಯಬೇಕು. ಕನೆಕ್ಟರ್ ಬಿಚ್ಚಿ ಸೊಲೆನಾಯ್ಡಿನ ರೋಧ ಅಳೆದರೆ ತೆರೆದು ಮುಚ್ಚುವ ಬಗೆಯದು ಸಾಮಾನ್ಯವಾಗಿ 10ರಿಂದ 30 ಓಮ್ ನಡುವೆ, ಒತ್ತಡ ನಿಯಂತ್ರಿಸುವ ಬಗೆಯದು 5 ಓಮ್ ಆಸುಪಾಸು ತೋರಿಸುತ್ತದೆ. ಆಯಾ ಕಾರಿನ ಸರ್ವಿಸ್ ಪುಸ್ತಕದ ಅಂಕಿಯೇ ಪ್ರಮಾಣ. ಅನಂತ ಎಂದು ತೋರಿಸಿದರೆ ಕಾಯಿಲು ತುಂಡಾಗಿದೆ, ಸೊನ್ನೆಗೆ ಹತ್ತಿರ ಬಂದರೆ ಶಾರ್ಟ್ ಆಗಿದೆ. ಪುಸ್ತಕದ ಅಂಕಿ 20 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶಕ್ಕೆ ಕೊಟ್ಟದ್ದಾಗಿದ್ದರೆ ಇಂಜಿನ್ ಬಿಸಿಯಿರುವಾಗ ಅಳೆಯುವಂತಿಲ್ಲ. 20 ಡಿಗ್ರಿಯಲ್ಲಿ 12 ಓಮ್ ಇದ್ದ ತಾಮ್ರದ ಕಾಯಿಲು 80 ಡಿಗ್ರಿಯಲ್ಲಿ 15ರ ಹತ್ತಿರ ಹೋಗುತ್ತದೆ. ಮಲ್ಲಂದೂರಿನ ಬೆಳಗು ಪುಸ್ತಕದ ಹವೆಯನ್ನು ಪುಕ್ಕಟೆ ಒದಗಿಸುವುದರಿಂದ ಅಳತೆಗೆ ಪ್ರಶಸ್ತ. ಇನ್ನೊಂದು ಪರೀಕ್ಷೆ ಕಿವಿಯದು: ತೆರೆದು ಮುಚ್ಚುವ ಬಗೆಯ ಸೊಲೆನಾಯ್ಡಿಗೆ ಕ್ಷಣಕಾಲ 12 ವೋಲ್ಟ್ ಮುಟ್ಟಿಸಿದರೆ ಟಕ್ ಎನ್ನಬೇಕು. ಒತ್ತಡದ ಬಗೆಯದಕ್ಕೆ ಹೀಗೆ ನೇರ ಬ್ಯಾಟರಿ ಕೊಡುವಂತಿಲ್ಲ, ಸುಟ್ಟೀತು. ಸಂಜೆ ಜೀರುಂಡೆಗಳು ಶುರುವಾದ ಮೇಲೆ ಈ ಪರೀಕ್ಷೆ ಮಾಡಿದವರು ಕೆಟ್ಟದ್ದಕ್ಕೂ ಒಳ್ಳೆಯದಕ್ಕೂ ಪ್ರಮಾಣಪತ್ರ ಕೊಟ್ಟುಬಿಡುವ ಅಪಾಯವಿದೆ.

ಮುಂದಿನ ಪ್ರಶ್ನೆ ಜಾಗದ್ದು. ಗೇರ್‌ಬಾಕ್ಸಿನ ಎಣ್ಣೆಯ ಮಟ್ಟ ನೋಡಲು ಕಾರು ಸಮತಟ್ಟಾದ ನೆಲದಲ್ಲಿ ನಿಲ್ಲಬೇಕು. ಕರ್ನಾಟಕದಲ್ಲೇ ಎತ್ತರದ ಮುಳ್ಳಯ್ಯನಗಿರಿ, 1930 ಮೀಟರ್, ಇರುವ ತಾಲ್ಲೂಕಿನಲ್ಲಿ ಸಮತಟ್ಟು ನೆಲವೆಂದರೆ ಕಾಫಿ ಒಣಗಿಸುವ ಕಣ ಮಾತ್ರ. ಆ ಕಣ ನವೆಂಬರಿನಿಂದ ಅರೇಬಿಕಾದ ವಶದಲ್ಲಿರುತ್ತದೆ, ಅದು ಮುಗಿಯುವ ಹೊತ್ತಿಗೆ ರೊಬಸ್ಟಾ ಬಂದು ಮಾರ್ಚಿನವರೆಗೆ ಹರಡಿಕೊಳ್ಳುತ್ತದೆ. ಜೂನಿನಲ್ಲಿ ಮೃಗಶಿರಾ ಮಳೆ ಹಿಡಿದರೆ ಕಣವೆಲ್ಲ ಪಾಚಿ. ಕಾರಿನ ಅಡಿ ಮಲಗಿದವನಿಗೆ ಇಂಬಳದ ಸತ್ಕಾರವೂ ಉಂಟು. ಹೀಗಾಗಿ ಈ ಭಾಗದಲ್ಲಿ ಸೊಲೆನಾಯ್ಡ್ ಬದಲಾವಣೆಗೆ ಪ್ರಕೃತಿ ಬಿಟ್ಟುಕೊಟ್ಟಿರುವ ಕಾಲ ಏಪ್ರಿಲ್ ಮತ್ತು ಮೇ, ಅದೂ ಮಧ್ಯಾಹ್ನದ ಗುಡುಗು ಶುರುವಾಗುವ ಮೊದಲು. ಗೇರ್‌ಬಾಕ್ಸುಗಳು ಇದನ್ನು ಲೆಕ್ಕಕ್ಕಿಟ್ಟುಕೊಳ್ಳದೆ ಡಿಸೆಂಬರಿನಲ್ಲೇ, ಕೊಯ್ಲಿನ ಮಧ್ಯೆಯೇ, ಕೆಡುತ್ತವೆ.

ಕಣದಲ್ಲಿ ಟಾರ್ಪಾಲು ಹಾಸುವುದು ಕಡ್ಡಾಯ. ಕಾಫಿ ಬೀಜ ಸುತ್ತಲಿನ ವಾಸನೆಯನ್ನು ಎಳೆದುಕೊಳ್ಳುವ ಪದಾರ್ಥ. ಕಣದ ಸಿಮೆಂಟಿಗೆ ಎಣ್ಣೆ ಕುಡಿಸಿದರೆ ಮುಂದಿನ ಫಸಲಿನ ಪಾರ್ಚ್‌ಮೆಂಟ್ ಕಾಫಿಯಲ್ಲಿ ಅದು ಮರಳಿ ಕಾಣಿಸಿಕೊಳ್ಳಬಹುದು. ಮನೆಯವರ ಅನುಮತಿ ಸಿಗುವುದು ಈ ವಿಷಯ ಇತ್ಯರ್ಥವಾದ ಮೇಲೆಯೇ.

ಬಾನೆಟ್ ಎತ್ತಿದ ಸ್ವಲ್ಪ ಹೊತ್ತಿನಲ್ಲೇ ಪ್ರೇಕ್ಷಕರು ಸೇರುವುದು ಈ ಕೆಲಸದ ಸಹಜ ಲಕ್ಷಣ. ಇವರಲ್ಲಿ ಮೂರು ವರ್ಗ. "ಬ್ಯಾಟ್ರಿ ನೋಡಿದ್ರಾ ಗೌಡ್ರೆ?" ಎನ್ನುವವರು ಮೊದಲ ವರ್ಗ, ಇವರನ್ನು ಕಡೆಗಣಿಸಬಾರದು, ಏಕೆಂದರೆ ಅವರು ಹೇಳಿದ್ದು ಕೆಲವೊಮ್ಮೆ ಸರಿಯಿರುತ್ತದೆ. "ನಮ್ ಜೀಪಿಗೆ ಇದೆಲ್ಲಾ ಇಲ್ಲ ನೋಡಿ" ಎನ್ನುವವರು ಎರಡನೆಯವರು. ಇವರ ಮಾತು ಯಾವಾಗಲೂ ನಿಜ, ಯಾವಾಗಲೂ ನಿರುಪಯುಕ್ತ. ಏನೂ ಮಾತಾಡದೆ ಹತ್ತರ ಸ್ಪ್ಯಾನರು ಕೈಗೆತ್ತಿಕೊಂಡು ಎಲ್ಲೋ ಇಟ್ಟುಬಿಡುವ ಮೂರನೆಯ ವರ್ಗದವರ ಮೇಲೆ ಮಾತ್ರ ಕಣ್ಣಿಡಬೇಕು.

ಕಾರನ್ನು ಎತ್ತಿದ ಮೇಲೆ ಜ್ಯಾಕ್ ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಬರೀ ಜ್ಯಾಕನ್ನು ನಂಬಿ ಯಾರೂ ಅಡಿಗೆ ಹೋಗಬಾರದು. ಸ್ಟ್ಯಾಂಡ್ ಇಲ್ಲವೆಂದು ಸಿಲ್ವರ್ ಓಕಿನ ದಿಮ್ಮಿ ಕೊಡುವುದು ತೋಟದ ಪದ್ಧತಿ. ದಿಮ್ಮಿ ಉರುಳುತ್ತದೆ, ಸೀಳುತ್ತದೆ. ಮೆಣಸಿನ ಬಳ್ಳಿ ಹಬ್ಬಿಸುವುದಕ್ಕೆ ಒಳ್ಳೆಯ ಮರವೆಂದು ಅದಕ್ಕೆ ಒಂದೂವರೆ ಟನ್ ಕಾರು ಹೊರಿಸುವುದು ನ್ಯಾಯವಲ್ಲ. ಚಕ್ರಗಳಿಗೆ ಕಲ್ಲು ಕೊಟ್ಟು, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿಟ್ಟು ಕೆಲಸ ಶುರು ಮಾಡಬೇಕು.

ಕೆಲವು ಹೋಂಡಾ ಗೇರ್‌ಬಾಕ್ಸುಗಳಲ್ಲಿ ಸೊಲೆನಾಯ್ಡುಗಳು ಹೊರಮೈಯಲ್ಲೇ ಇರುತ್ತವೆ. ಮೂರು ಬೋಲ್ಟು ಬಿಚ್ಚಿದರೆ ಕೈಗೆ ಬರುತ್ತವೆ, ಅಡಿಯ ಸಣ್ಣ ಜಾಲರಿ ಗ್ಯಾಸ್ಕೆಟ್ಟು ಕಟ್ಟಿದ್ದರೆ ಅದೊಂದನ್ನೇ ಬದಲಿಸಿ ಬದುಕಿಕೊಳ್ಳುವುದೂ ಉಂಟು. ಉಳಿದ ಬಹಳಷ್ಟು ಕಾರುಗಳಲ್ಲಿ ಅವು ಆಯಿಲ್ ಪ್ಯಾನಿನ ಮೇಲೆ, ಎಣ್ಣೆಯ ದಾರಿಗಳಿರುವ ವಾಲ್ವ್ ಬಾಡಿಯಲ್ಲಿ ಕೂತಿರುತ್ತವೆ. ಮೊದಲು ಡ್ರೈನ್ ಬೋಲ್ಟ್ ಬಿಚ್ಚಿ ಎಣ್ಣೆ ಇಳಿಸಬೇಕು. ಎಷ್ಟು ಇಳಿಯಿತೆಂದು ಅಳೆದಿಡಬೇಕು. ಪೂರ್ತಿ ಎಣ್ಣೆ ಬರುವುದಿಲ್ಲ, ದೊಡ್ಡ ಪಾಲು ಟಾರ್ಕ್ ಕನ್ವರ್ಟರಿನಲ್ಲೇ ಉಳಿಯುತ್ತದೆ. ಆಮೇಲೆ ಪ್ಯಾನು. ಒಳಗಿನ ಅಯಸ್ಕಾಂತಕ್ಕೆ ನುಣ್ಣನೆಯ ಬೂದು ಪೇಸ್ಟು ಹತ್ತಿದ್ದರೆ ಅದು ವಯಸ್ಸಿನ ಗುರುತು, ಗಾಬರಿ ಬೇಡ. ಲೋಹದ ಚೂರುಗಳೇ ಸಿಕ್ಕರೆ ಪ್ಯಾನನ್ನು ಮತ್ತೆ ಮುಚ್ಚಿ ದೊಡ್ಡ ಗ್ಯಾರೇಜಿಗೆ ಫೋನು ಮಾಡುವುದೇ ವಿವೇಕ.

ಇಲ್ಲಿ ಅತಿ ದೊಡ್ಡ ಶತ್ರು ಬನಿಯನ್ನು. ಮನೆಯಲ್ಲಿ ಏನು ಒರೆಸುವುದಕ್ಕೂ ಹಳೆ ಬನಿಯನ್ನು, ಹರಿದ ಪಂಚೆ ಎತ್ತಿಕೊಳ್ಳುವುದು ರೂಢಿ. ಅದರಿಂದ ಉದುರುವ ಒಂದೆಳೆ ನೂಲು ವಾಲ್ವ್ ಬಾಡಿಯ ಸಣ್ಣ ದಾರಿಯಲ್ಲಿ ಸಿಕ್ಕಿಕೊಂಡರೆ ಹೊಸ ಸೊಲೆನಾಯ್ಡೂ ಹಳೆಯದರ ಹಾಗೆಯೇ ಜರ್ಕು ಕೊಡುತ್ತದೆ. ಎಳೆ ಬಿಡದ ಬಟ್ಟೆಯನ್ನೇ ಬಳಸಬೇಕು, ಗಾಳಿ ಎದ್ದರೆ ಕೆಲಸ ನಿಲ್ಲಿಸಿ ಮುಚ್ಚಿಡಬೇಕು. ಬೋಲ್ಟುಗಳ ಉದ್ದ ಒಂದೇ ಅಲ್ಲ. ರಟ್ಟಿನ ಮೇಲೆ ಗೇರ್‌ಬಾಕ್ಸಿನ ಚಿತ್ರ ಬರೆದು, ಬಿಚ್ಚಿದ್ದನ್ನು ಅದರದರ ಜಾಗದಲ್ಲಿ ಚುಚ್ಚಿಡುವುದು ಹಳೆಯ ಮೆಕ್ಯಾನಿಕ್ಕುಗಳ ಉಪಾಯ. ಎಣ್ಣೆಯಲ್ಲಿ ವರ್ಷಗಟ್ಟಲೆ ಬೆಂದ ಪ್ಲಾಸ್ಟಿಕ್ ಕ್ಲಿಪ್ಪುಗಳು ಗರಿಗರಿಯಾಗಿರುತ್ತವೆ, ಬಲ ಹಾಕಿದರೆ ಮುರಿಯುತ್ತವೆ.

ಹೊಸ ಸೊಲೆನಾಯ್ಡನ್ನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸುವವರು ಹಳೆಯದರ ಮೇಲಿನ ಭಾಗಸಂಖ್ಯೆಯ ಫೋಟೋ ಕಳಿಸಬೇಕು. "ಅದೇ ಥರದ್ದು" ಎಂಬ ವಿವರಣೆಗೆ ಅದೇ ಥರದ್ದೇ ಬರುತ್ತದೆ, ಅದೇ ಬರುವುದಿಲ್ಲ. 2021ರಿಂದ ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೋ ಇರುವುದರಿಂದ ಚಿಕ್ಕಮಗಳೂರಿನವರೆಗೆ ತರಿಸಿಕೊಳ್ಳುವುದು ಕಷ್ಟವಲ್ಲ. ಹೊಸ ಓ ರಿಂಗಿಗೆ ಗೇರ್‌ಬಾಕ್ಸಿನದೇ ಎಣ್ಣೆ ಸವರಿ, ತಿರುಚದೆ ನೇರವಾಗಿ ಒತ್ತಬೇಕು, ಗ್ರೀಸು ಬೇಡ. ಸಣ್ಣ ಬೋಲ್ಟುಗಳಿಗೆ ಬೇಕಾದ ಬಿಗಿ ಸಾಮಾನ್ಯವಾಗಿ 10 ನ್ಯೂಟನ್ ಮೀಟರಿನ ಆಸುಪಾಸು, ಅಂದರೆ ಮಣಿಕಟ್ಟಿನ ಬಲ. ಟ್ರ್ಯಾಕ್ಟರಿನ ನಟ್ಟು ಬಿಗಿಸಿ ಪಳಗಿದ ತೋಳು ಇಲ್ಲಿ ಅಲ್ಯೂಮಿನಿಯಮ್ಮಿನ ಮರೆಯನ್ನೇ ಕಿತ್ತು ತರುತ್ತದೆ. ಟಾರ್ಕ್ ರೆಂಚ್ ಇದ್ದರೆ ಒಳ್ಳೆಯದು.

ಎಣ್ಣೆ ತುಂಬುವಾಗ ಕಂಪನಿ ಹೇಳಿದ ದರ್ಜೆಯದನ್ನೇ, ಇಳಿದಷ್ಟೇ ಅಳತೆಯಲ್ಲಿ ಹಾಕಬೇಕು. ಶೆಡ್ಡಿನಲ್ಲಿ ಉಳಿದಿರುವ ಜೀಪಿನ ಗೇರ್ ಆಯಿಲ್ ಎಷ್ಟೇ ಒಳ್ಳೆಯದಾದರೂ ಇದಕ್ಕೆ ವಿಷ. ಇಂಜಿನ್ ಸ್ಟಾರ್ಟ್ ಮಾಡಿ, ಬ್ರೇಕ್ ಒತ್ತಿ, ಪಿಯಿಂದ ಡಿಯವರೆಗೆ ಪ್ರತಿ ಸ್ಥಾನದಲ್ಲೂ ಕೆಲವು ಸೆಕೆಂಡು ನಿಲ್ಲಿಸಿ ಬಂದು ಮಟ್ಟ ನೋಡಬೇಕು. ನೋಡುವ ಕ್ರಮ ಕಾರಿನಿಂದ ಕಾರಿಗೆ ಬೇರೆ: ಹಲವಕ್ಕೆ ಬಿಸಿಯಾಗಿ ಇಂಜಿನ್ ಓಡುತ್ತಿರುವಾಗ, ಹೋಂಡಾಗಳಿಗೆ ಇಂಜಿನ್ ನಿಲ್ಲಿಸಿದ ಕೂಡಲೇ, ಡಿಪ್‌ಸ್ಟಿಕ್ಕೇ ಇಲ್ಲದ ಹೊಸ ಕಾರುಗಳಿಗೆ ಅಡಿಯ ಪ್ಲಗ್ಗಿನಿಂದ, ಎಣ್ಣೆಯ ಬಿಸಿ ಸ್ಕ್ಯಾನರಿನಲ್ಲಿ ನೋಡಿಕೊಂಡು. ಇಳಿಸಿದ ಹಳೆ ಎಣ್ಣೆಯನ್ನು ಹಳ್ಳಕ್ಕೆ ಚೆಲ್ಲಬಾರದು, ಕೆಳಗಿನ ಮನೆಗಳು ಅದೇ ನೀರು ಕುಡಿಯುತ್ತವೆ. ಡಬ್ಬಿಯಲ್ಲಿ ಹಾಕಿ ಹಳೆ ಎಣ್ಣೆ ಕೊಳ್ಳುವವರಿಗೆ ಕೊಡಬೇಕು.

ಕೋಡುಗಳನ್ನು ಅಳಿಸಿದ ಮೇಲೆ ಗೇರ್‌ಬಾಕ್ಸ್ ಹೊಸ ಸೊಲೆನಾಯ್ಡಿನ ಸ್ವಭಾವ ಕಲಿಯಲು ಸ್ವಲ್ಪ ಓಡಬೇಕು. ಕೆಲವು ಕಾರುಗಳಲ್ಲಿ ಅದರ ತಿದ್ದುಪಡಿ ಅಂಕಿಯನ್ನು ಕಂಪ್ಯೂಟರಿಗೆ ಬರೆಸಲೂ ಬೇಕು, ಅದು ಮನೆಯ ಸ್ಕ್ಯಾನರಿನಿಂದ ಆಗದು. ಮೊದಲ ಓಟ ಇಳಿಜಾರಿನಲ್ಲಿ ಬೇಡ. ಬೆಳಗ್ಗೆ, ಕಾಫಿ ಲಾರಿಗಳು ಹೊರಡುವ ಮೊದಲು, ಹಗುರ ಏರಿನಲ್ಲಿ ನಿಧಾನವಾಗಿ ಹೋಗಿ ಬಂದರೆ ಸಾಕು.

ಇಷ್ಟರ ಮೇಲೂ ಜರ್ಕು ಹೋಗದಿದ್ದರೆ ದೋಷ ವಾಲ್ವ್ ಬಾಡಿಯಲ್ಲೋ ಕ್ಲಚ್ಚಿನಲ್ಲೋ ಇದೆ, ಅದು ಕಣದಲ್ಲಿ ಮುಗಿಯುವ ಕೆಲಸವಲ್ಲ. ಆಗ ಮಲೆನಾಡಿನ ಔದಾರ್ಯ ಜಾಗೃತವಾಗಿ, ಪಕ್ಕದ ತೋಟದವರು ಜೀಪು ಮತ್ತು ಹಗ್ಗ ಸಮೇತ ಬಂದು ನಿಲ್ಲುತ್ತಾರೆ. ಅವರಿಗೆ ಕಾಫಿ ಕೊಡಿ, ಹಗ್ಗವನ್ನು ಮಾತ್ರ ಕಟ್ಟಿಸಿಕೊಳ್ಳಬೇಡಿ. ಇಂಜಿನ್ ಓಡದಿದ್ದರೆ ಗೇರ್‌ಬಾಕ್ಸಿನ ಪಂಪೂ ಓಡುವುದಿಲ್ಲ. ಎಣ್ಣೆ ಸಿಗದೆ ಒಳಗಿನ ಭಾಗಗಳು ಉಜ್ಜಿ, ಚಿಕ್ಕಮಗಳೂರು ಮುಟ್ಟುವಷ್ಟರಲ್ಲಿ ಸೊಲೆನಾಯ್ಡಿನ ಖರ್ಚು ಇಡೀ ಗೇರ್‌ಬಾಕ್ಸಿನ ಖರ್ಚಾಗಬಹುದು. ನಾಲ್ಕೂ ಚಕ್ರ ನೆಲ ಬಿಡುವಂತೆ ಹೊತ್ತೊಯ್ಯುವ ಗಾಡಿಯನ್ನೇ ಕರೆಸಿ.