ಉದ್ರಿ ಆ್ಯಪ್‌ಗೆ ಡಾರ್ಕ್ ಮೋಡ್

ಎಂಜಿನಿಯರಿಂಗ್ ಹುಡುಗ ಮೊದಲ ಪ್ರಾಜೆಕ್ಟ್‌ಗೆ ಕುಳಿತನೆಂದರೆ ಮೊದಲು ಆಗುವುದು ನಾಮಕರಣ. ಆಮೇಲೆ ಲೋಗೋ, ಅದಾದ ಮೇಲೆ ಡಾರ್ಕ್ ಮೋಡ್. ಕೋಡ್ ಬರೆಯುವುದಕ್ಕೆ ಒಳ್ಳೆಯ ಮುಹೂರ್ತ ಕೂಡಿಬರಬೇಕು.

ತಿಪಟೂರಿನಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಸೋದರಮಾವನಿಗೆ ಉದ್ರಿ ಲೆಕ್ಕದ ಆ್ಯಪ್ ಮಾಡಿಕೊಡಲು ಹೊರಟ ನಮ್ಮ ಕುಮಾರ ಕಂಠೀರವನನ್ನೇ ನೋಡಿ. ಮೊದಲು ಕಟ್ಟಿದ್ದು ಲಾಗಿನ್ ಪುಟ. ಬಳಸುವವರು ಒಬ್ಬರೇ, ಮಾವ. ಆದರೂ ಪಾಸ್‌ವರ್ಡ್‌ನಲ್ಲಿ ಒಂದು ಕ್ಯಾಪಿಟಲ್ ಅಕ್ಷರ, ಒಂದು ಅಂಕಿ, ಒಂದು ವಿಶೇಷ ಚಿಹ್ನೆ ಇರಲೇಬೇಕು, ಮೇಲೊಂದು ಓಟಿಪಿ. ಯಾಕಪ್ಪಾ ಎಂದರೆ, 'ನಾಳೆ ಹತ್ತು ಲಕ್ಷ ಜನ ಬಂದರೆ ಸ್ಕೇಲ್ ಆಗಬೇಕಲ್ಲ ಅಂಕಲ್' ಅಂತಾನೆ. ಆ ಅಂಗಡಿ ಮುಂದೆ ಹತ್ತು ಜನ ಒಟ್ಟಿಗೆ ನಿಂತರೆ ರಸ್ತೆ ಬಂದ್ ಆಗುತ್ತದೆ.

ಆ್ಯಪ್ ಸಿದ್ಧವಾಯಿತು. ಮಾವನ ವಾಟ್ಸಾಪ್‌ಗೆ ಲಿಂಕ್ ಹೋಯಿತು: ಲೋಕಲ್‌ಹೋಸ್ಟ್ 3000. ಆ ವಿಳಾಸಕ್ಕೆ 'ಇದೇ ಯಂತ್ರ' ಎಂದಷ್ಟೇ ಅರ್ಥ. ಮಾವನ ಫೋನು ತನ್ನ ಹೊಟ್ಟೆಯೊಳಗೇ ಆ್ಯಪ್ ಹುಡುಕಿ ಬರಿಗೈಲಿ ವಾಪಸ್ಸಾಯಿತು. 'ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡ್ತಿದೆಯಲ್ಲ ಮಾವ!' ಓಡುತ್ತೆ ಮಗನೇ, ಅಂಗಡಿ ಇರೋದು ತಿಪಟೂರಿನಲ್ಲಿ.

ಹಾಗೂ ಹೀಗೂ ಸರ್ವರ್ ಹತ್ತಿಸಿದ. ಮಾವ ಮೊದಲ ಗಿರಾಕಿಯ ಹೆಸರು ಬರೆದರು: ಕೃಷ್ಣಮೂರ್ತಿ. ಹೆಸರು 10 ಅಕ್ಷರ ಮೀರಬಾರದೆಂದು ಹುಡುಗ ಕಟ್ಟಳೆ ಹಾಕಿದ್ದ. ನಾಲ್ಕೇ ಅಕ್ಷರದ ಮನುಷ್ಯ, ಹಿಡಿಸಬೇಕಿತ್ತು. ಆದರೆ ಯೂನಿಕೋಡ್ ವ್ಯಂಜನ, ಸ್ವರಚಿಹ್ನೆ, ಒತ್ತಕ್ಷರ ಕೂಡಿಸುವ ಅರ್ಧಚಿಹ್ನೆ ಎಲ್ಲವನ್ನೂ ಬಿಡಿಬಿಡಿಯಾಗಿ ಇಡುತ್ತದೆ, ಕೋಡ್ ಎಣಿಸುವುದೂ ಅದನ್ನೇ. ಕೃಷ್ಣಮೂರ್ತಿಗಳು 11 ಆದರು. ಕೊನೆಯ ಗುಡಿಸು ಕಿತ್ತುಹೋಗಿ 'ಕೃಷ್ಣಮೂರ್ತ' ಎಂಬ ಹೆಸರಿನಲ್ಲಿ ಸಾಲಗಾರರಾದರು. ಇಂಗ್ಲಿಷಿನಲ್ಲಿ 'ಟೆಸ್ಟ್', 'ಎಬಿಸಿ' ಎಂದು ಹಾಕಿ ಪರೀಕ್ಷೆ ಮುಗಿಸಿದ್ದವನಿಗೆ ಅದು ಗೊತ್ತಾಗುವುದಾದರೂ ಹೇಗೆ?

ಮೂರ್ತಿಯವರು ಬೆಳಿಗ್ಗೆ ಒಯ್ದ ಜೀರಿಗೆ 0.1 ಕೆಜಿ, ಸಂಜೆ ಒಯ್ದದ್ದು 0.2. ಆ್ಯಪ್ ಹೇಳಿದ ಒಟ್ಟು: 0.30000000000000004 ಕೆಜಿ. ಮಾವ ಕನ್ನಡಕ ಸರಿಮಾಡಿಕೊಂಡು ಕೇಳಿದರು, 'ಲೋ, ಈ ಕೊನೇ ನಾಲ್ಕನ್ನ ತೂಗೋ ತಕ್ಕಡಿ ಎಲ್ಲಿ ಸಿಗುತ್ತೋ?' ಕಂಪ್ಯೂಟರ್ ದಶಮಾಂಶವನ್ನು ಸೊನ್ನೆ-ಒಂದುಗಳಲ್ಲಿ ಬರೆದುಕೊಳ್ಳುತ್ತದೆ. ಅಲ್ಲಿ ಹತ್ತನೇ ಒಂದು ಭಾಗ ಮುಗಿಯದ ಸಾಲು, ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ತೂಕವನ್ನು ಗ್ರಾಂನಲ್ಲಿ, ದುಡ್ಡನ್ನು ಪೈಸೆಯಲ್ಲಿ ಪೂರ್ಣಾಂಕವಾಗಿ ಇಟ್ಟರೆ ಈ ರಗಳೆಯೇ ಇಲ್ಲ. ಮಾವನ ಪುಸ್ತಕದಲ್ಲಿ ಜೀರಿಗೆ ಮೊದಲಿನಿಂದಲೂ ಗ್ರಾಂನಲ್ಲೇ ಇದೆ. ಅದನ್ನು ತೆರೆದು ನೋಡಲು ಹುಡುಗನಿಗೆ ಪುರುಸೊತ್ತಾಗಿರಲಿಲ್ಲ, ಡಾರ್ಕ್ ಮೋಡ್‌ನ ಬೂದುಬಣ್ಣ ಇನ್ನೂ ಹೊಂದಿರಲಿಲ್ಲವಲ್ಲ.

ಕೋಡ್ ಬರೆದವರು ಯಾರು ಎಂದು ಕೇಳುವುದು ಈಗ ಅಸಭ್ಯತೆ. ಅರ್ಧ ಚಾಟ್‌ಜಿಪಿಟಿಯದು, ಉಳಿದರ್ಧ ಊರವರು ಬರೆದು ಹಂಚಿದ ಸಿದ್ಧ ಕೋಡ್‌ನ ಪ್ಯಾಕೇಜುಗಳದು. 2016ರ ಮಾರ್ಚ್‌ನಲ್ಲಿ ಲೆಫ್ಟ್‌-ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜನ್ನು ಬರೆದಾತ ಮುನಿಸಿಕೊಂಡು ಹಿಂತೆಗೆದಾಗ ರಿಯಾಕ್ಟ್, ಬೇಬೆಲ್‌ನಂಥ ಘಟಾನುಘಟಿಗಳೇ ಮುಗ್ಗರಿಸಿದ್ದವು. ನಮ್ಮವನ ಉದ್ರಿ ಪುಸ್ತಕವೂ ಯಾರ್‍ಯಾರದೋ ಉದ್ರಿಯ ಮೇಲೆ ನಿಂತಿದೆ. ಯಾರ ಬಾಕಿ ಎಷ್ಟು ಎಂಬುದು ಅವನಿಗೂ ತಿಳಿಯದು.

ಇಷ್ಟಾದರೂ ರೆಸ್ಯೂಮೆಯಲ್ಲಿ ಆ ಆ್ಯಪ್ 'ಗ್ರಾಮೀಣ ಭಾರತಕ್ಕಾಗಿ ಎಐ ಆಧಾರಿತ ಫಿನ್‌ಟೆಕ್ ಪ್ಲಾಟ್‌ಫಾರ್ಮ್' ಆಗಿ ಕಂಗೊಳಿಸುತ್ತಿದೆ. ಸಂದರ್ಶನ ಮಾಡುವ ಮಹನೀಯರಲ್ಲಿ ಒಂದೇ ವಿನಂತಿ: ಆ ಸಾಲನ್ನು ಓದಿ ತಲೆದೂಗಬೇಡಿ. ನೂರು ಗ್ರಾಂ ಜೀರಿಗೆಗೆ ಇನ್ನೂರು ಗ್ರಾಂ ಕೂಡಿಸಿದರೆ ನಿನ್ನ ಆ್ಯಪ್ ಎಷ್ಟು ತೋರಿಸುತ್ತೆ, ಯಾಕೆ ಎಂದು ಕೇಳಿ. ಸರಿಯಾಗಿ ಹೇಳಿದವನಿಗೆ ಅಂದೇ ಕೆಲಸ ಕೊಡಿ, ಲೋಗೋ ಇಲ್ಲದಿದ್ದರೂ ಪರವಾಗಿಲ್ಲ.