ಹಿಂದೆ ಇಬ್ಬರು ಹತ್ಕೊಳ್ರೋ!

ನೆಲಮಂಗಲ, ದಾಬಸ್‌ಪೇಟೆ, ಹೊಸಕೋಟೆ ಕಡೆ ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಈಗ ತಗಡು ಹೊದ್ದ ಗೋದಾಮುಗಳು ಎದ್ದಿವೆ. 2017ರಲ್ಲಿ ಜಿಎಸ್‌ಟಿ ಬಂದು, ತೆರಿಗೆಗೋಸ್ಕರ ರಾಜ್ಯಕ್ಕೊಂದು ಗೋದಾಮು ಇಡುವ ತಾಪತ್ರಯ ತಪ್ಪಿದ ಮೇಲೆ ಅವುಗಳ ಹೊಟ್ಟೆ ಇನ್ನೂ ದೊಡ್ಡದಾಯಿತು. ಒಳಗೆ ಕಾನೂನು ಎರಡೇ. ಗೋಡೆ ಮೇಲಿನದು ‘ಸುರಕ್ಷತೆಯೇ ಮೊದಲು’. ಸೂಪರ್‌ವೈಸರ್ ಬಾಯಲ್ಲಿರುವುದು ‘ಬೇಗ ಬೇಗ’. ಮಾಲು ಎತ್ತುವ ಫೋರ್ಕ್‌ಲಿಫ್ಟ್ ಗಾಡಿಯ ಡ್ರೈವರ್ ದಿನವೂ ಎರಡನೆಯದನ್ನು ಪಾಲಿಸಬೇಕು. ಅಪಘಾತವಾದ ದಿನ ಮಾತ್ರ ಮೊದಲನೆಯದನ್ನು ಪಾಲಿಸಿರಬೇಕು.

ಗಾಡಿಯ ಮೇಲೊಂದು ಫಲಕವಿರುತ್ತದೆ: ‘2,000 ಕಿಲೊ, ಲೋಡ್ ಸೆಂಟರ್ 500 ಮಿ.ಮೀ.’ ಭಾರದ ನಡುಮಧ್ಯ ಫೋರ್ಕಿನ ಬುಡದಿಂದ ಅರ್ಧ ಮೀಟರಿನೊಳಗೆ ಇದ್ದರೆ ಮಾತ್ರ ಎರಡು ಟನ್. ಮಾಲು ಉದ್ದವಾದರೆ ತಾಕತ್ತು ಇಳಿಯುತ್ತದೆ, ಎತ್ತರಕ್ಕೆ ಎತ್ತಿದಷ್ಟೂ ಗಾಡಿ ಮಗುಚುವ ಭಯ ಏರುತ್ತದೆ. ಇಡೀ ಗೋದಾಮಿನಲ್ಲಿ ಸುಳ್ಳು ಹೇಳದ ದಾಖಲೆ ಇದೊಂದೇ. ಅದಕ್ಕೇ ಯಾರೂ ಓದುವುದಿಲ್ಲ.

ಮೂರು ಟನ್ ಹತ್ತಿರದ ಮಿಷಿನ್ನು ಬಂದಿದೆ ಅನ್ನಿ. ಡ್ರೈವರ್ ಫೋರ್ಕ್ ತೂರಿಸಿ ಲಿವರ್ ಎಳೆದರೆ ಮಾಲಿನ ಬದಲು ಗಾಡಿಯ ಹಿಂದಿನ ಚಕ್ರಗಳೇ ಮೇಲೇಳುತ್ತವೆ.

“ಸಾರ್, ಈ ಗಾಡಿಗಾಗಲ್ಲ. ದೊಡ್ಡದು ತರಿಸಿ.”

“ಬಾಡಿಗೆ ನಿಮ್ಮಪ್ಪ ಕೊಡ್ತಾನಾ? ಅಡ್ಜಸ್ಟ್ ಮಾಡ್ಕೊಳ್ಳೋ. ಲೇ, ಹಿಂದೆ ಇಬ್ಬರು ಹತ್ಕೊಳ್ರೋ!”

ಇಬ್ಬರು ಹಮಾಲರು ಹಿಂಬದಿಯ ಕಬ್ಬಿಣದ ಭಾರದ ಮೇಲೆ ಹತ್ತಿ, ಕಂಬಿ ಹಿಡಿದು ನಿಲ್ಲುತ್ತಾರೆ. ಚಕ್ರ ನೆಲ ಮುಟ್ಟುತ್ತದೆ. ಸೂಪರ್‌ವೈಸರ್ ಮುಖ ಅರಳುತ್ತದೆ.

ಸಂಬಳದ ಚೀಟಿ, ಪಿಎಫ್, ಇಎಸ್‌ಐ, ಕಾಯಂ ಮಾಡುವ ಮಾತು, ಇಲ್ಲೆಲ್ಲೂ ಸಿಗದ ತೂಕ ಗುತ್ತಿಗೆ ಕಾರ್ಮಿಕನಿಗೆ ಗಾಡಿಯ ಹಿಂಭಾಗದಲ್ಲಿ ಸಿಕ್ಕಿತು! ಕಬ್ಬಿಣವಾದರೆ ಕಿಲೊ ಲೆಕ್ಕದಲ್ಲಿ ದುಡ್ಡು ಎಣಿಸಬೇಕಿತ್ತು. ಇವರು ಅದೇ ದಿನಗೂಲಿಯಲ್ಲಿ ಬಂದರು. ಅಷ್ಟಾಗಿಯೂ ಗಾಡಿ ಮಗುಚಿದರೆ ವರದಿ ಸಿದ್ಧವಿದೆ: ‘ಡ್ರೈವರ್ ನಿರ್ಲಕ್ಷ್ಯ’. ಗುರುತ್ವಾಕರ್ಷಣೆಗೆ ನೋಟಿಸ್ ಕೊಡಲಾಗದು, ಡ್ರೈವರ್‌ಗೆ ಕೊಡಬಹುದು.

ಮಾರ್ಚ್ 4, ರಾಷ್ಟ್ರೀಯ ಸುರಕ್ಷತಾ ದಿನ. ಎದೆಗೆ ಬ್ಯಾಡ್ಜು, ಬಾಯಿಗೆ ಪ್ರತಿಜ್ಞೆ, ಕೈಗೆ ಸಮೋಸ. ದೊಡ್ಡ ಸಾಹೇಬರು ವೇದಿಕೆ ಮೇಲೆ ತೂಕದ ಮಾತಾಡುತ್ತಾರೆ. ಮುಂದಿನ ವರ್ಷ ಅವರನ್ನು ವೇದಿಕೆಯ ಬದಲು ಗಾಡಿಯ ಹಿಂದೆ ಹತ್ತಿಸಿ, ಮೂರು ಟನ್ ಎತ್ತಲು ಹೊರಡೋಣ. ಅವರು ಕಂಬಿ ಹಿಡಿಯುವಷ್ಟರಲ್ಲಿ ದೊಡ್ಡ ಗಾಡಿಯ ಬಾಡಿಗೆ ಮಂಜೂರಾಗದಿದ್ದರೆ ಕೇಳಿ.